ಎಳೆಯರ ಓದಿಗೆ ಮನೆಯ ಪಾಲೆಷ್ಟು?

ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗುವ ಹೆದ್ದಾರಿಯಲ್ಲಿ ಕಣಗಲಾ ಸಿಗುತ್ತದೆ. ಹುಕ್ಕೇರಿ ತಾಲೂಕಿನ ಈ ಊರಿನ ಸುತ್ತ ಕಬ್ಬಿನ ಹೊಲಗಳಿವೆ, ಊರಲ್ಲಿ ಎಚ್‌ಎಲ್‌ಎಲ್ ಕಾರ್ಖಾನೆಯಿದೆ, ಮಹಾರಾಷ್ಟ್ರದ ಗಡಿ ಹತ್ತಿರದಲ್ಲೇ ಇದೆ. ಕನ್ನಡದ ಮಗ್ಗುಲಲ್ಲೇ ಮರಾಠಿ, ಉರ್ದು ಕಿವಿಗೆ ಬೀಳುವ ಸೀಮೆ ಇದು. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಯಾವ ಹಳ್ಳಿಯೇ ಆಗಲಿ, ಮೂರು-ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಮೂರು ಪ್ರಶ್ನೆಗಳು ಎದ್ದೇ ಏಳುತ್ತವೆ. ಅಕ್ಷರ ತಿದ್ದಿಸುವುದನ್ನು ಯಾವ ವಯಸ್ಸಿಗೆ ಶುರು ಮಾಡಬೇಕು? ಯಾವ ಭಾಷೆಯಲ್ಲಿ ಶುರು ಮಾಡಬೇಕು? ತನಗೇ ಓದು ಬಾರದ ತಾಯಿ ಮಗುವಿನ ಓದಿಗೆ ಏನು ಕೊಡಬಲ್ಲಳು?

ಈ ಪ್ರಶ್ನೆಗಳ ತೂಕ ತಿಳಿಯಲು, ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಅಂಕಿಗಳನ್ನು ನೋಡಬೇಕು. ಗ್ರಾಮೀಣ ಭಾರತದ ಸರಕಾರಿ ಶಾಲೆಗಳಲ್ಲಿ ಮೂರನೇ ತರಗತಿಗೆ ಬಂದೂ ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು 2018ರಲ್ಲಿ ಶೇ. 20.9 ಇದ್ದರು. ಕೋವಿಡ್ ಕಾಲದ ಶಾಲೆ ಮುಚ್ಚುಗಡೆಯ ನಂತರ, 2022ರಲ್ಲಿ, ಅದು ಶೇ. 16.3ಕ್ಕೆ ಇಳಿಯಿತು. 2024ರಲ್ಲಿ ಶೇ. 23.4ಕ್ಕೆ ಏರಿತು. ಏರಿದ ಮೇಲೂ ನಾಲ್ವರಲ್ಲಿ ಮೂವರು ಹಿಂದೆಯೇ ಉಳಿದಿದ್ದಾರೆ. ಇಷ್ಟು ದೊಡ್ಡ ಕೊರತೆ ಶಾಲೆಯ ಬಾಗಿಲಲ್ಲಿ ದಿಢೀರನೆ ಹುಟ್ಟಿರಲಾರದು ಎಂಬ ಅನುಮಾನವೇ ಎಲ್ಲರ ಕಣ್ಣನ್ನು ಮನೆಯ ಕಡೆ ತಿರುಗಿಸಿದೆ. ಆದರೆ ಮನೆ ಏನು ಮಾಡಬೇಕು ಎಂಬುದರಲ್ಲಿ ಒಮ್ಮತವಿಲ್ಲ. ನೂರು ವರ್ಷಗಳ ವಾದ ಅದರ ಹಿಂದಿದೆ.

ಗಾಂವಟಿ ಶಾಲೆಯಿಂದ ಅಂಗನವಾಡಿಗೆ

ಹಿಂದಿನ ಗಾಂವಟಿ ಶಾಲೆಗಳಲ್ಲಿ ಅಯ್ಯನವರು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮೂಲಾಕ್ಷರ, ಬಳ್ಳಿ, ಮಗ್ಗಿ ಎಲ್ಲವೂ ಬಾಯಿಪಾಠ. ಅಲ್ಲಿಯ ಪಾಠದಲ್ಲಿ ಮನೆಗೆ ಹೆಚ್ಚಿನ ಪಾತ್ರ ಇರಲಿಲ್ಲ. ಲೆಕ್ಕಪತ್ರ ನೋಡುವ ಕುಲಕರ್ಣಿ, ವ್ಯಾಪಾರಸ್ಥರ ಮನೆತನಗಳಲ್ಲಿ ಗಂಡುಮಕ್ಕಳಿಗೆ ಬರವಣಿಗೆ ಬಳುವಳಿಯಾಗಿ ಬರುತ್ತಿತ್ತು, ಉಳಿದವರಿಗೆ ಅದು ದೂರದ ಮಾತು. ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಭಾಗದಲ್ಲಿ ಮರಾಠಿಯ, ಮೋಡಿ ಲಿಪಿಯ ಮೇಲುಗೈ ಬೇರೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. ಆಗ ಹೋರಾಟವಿದ್ದದ್ದು ಮಗುವನ್ನು ಶಾಲೆಗೆ ಕರೆತರುವುದಕ್ಕೆ. ಶಾಲೆಗೆ ಮುಂಚಿನ ವರ್ಷಗಳತ್ತ ಯಾರೂ ನೋಡಿರಲಿಲ್ಲ.

ಆ ನೋಟ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆಗಿದ್ದ ತಾರಾಬಾಯಿ ಮೋಡಕ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟುವುದರಲ್ಲಿ ಮುಂದಾದರು, ಮುಂದೆ ಅನುತಾಯಿ ವಾಘರೊಡನೆ ಬೋರ್ಡಿ, ಕೋಸಬಾಡಗಳ ಬಡ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ಅಂಗನವಾಡಿಯ ಕಲ್ಪನೆ ಬೆಳೆದದ್ದು ಅಲ್ಲಿ. ಕನ್ನಡದಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿಯೇ ಹಾಡು-ಕಥೆ ಬರೆದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕಿಳಿದು ‘ಬಾಲ ಪ್ರಪಂಚ’ ಸಂಪುಟಗಳನ್ನು ತಂದರು. 1975ರ ಅಕ್ಟೋಬರ್ 2ರಂದು ಕೇಂದ್ರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ಟಿ. ನರಸೀಪುರದಲ್ಲಿ ಬಾಗಿಲು ತೆರೆದವು. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 65 ಸಾವಿರ ದಾಟಿದೆ. ಆದರೆ ಅಂಗನವಾಡಿ ಎಂದರೆ ಆಹಾರ, ತೂಕ, ಚುಚ್ಚುಮದ್ದು ಎಂಬ ಭಾವನೆಯೇ ಬಹುಕಾಲ ಗಟ್ಟಿಯಾಗಿ ಉಳಿಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ‘ಬುನಾದಿ ಹಂತ’ ಎಂದು ಕರೆಯಿತು. 2021ರ ಜುಲೈನಲ್ಲಿ ಬಂದ ನಿಪುಣ ಭಾರತ ಯೋಜನೆ, ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕೆಂದು 2026-27ರ ಗುರಿ ಇಟ್ಟಿತು. ಈ ಎರಡು ದಾಖಲೆಗಳಲ್ಲಿ ತಂದೆ-ತಾಯಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರಿಂದ ನಿರೀಕ್ಷಿಸುವುದೇನು ಎಂದು ಕೇಳಿದಾಗ ವಾದಗಳು ಕವಲೊಡೆಯುತ್ತವೆ.

ಮೊದಲ ವಾದ: ವಯಸ್ಸು ಮಾಗಲಿ

ಮಗು ಓದಿಗೆ ಸಿದ್ಧವಾಗಲು ಒಂದು ವಯಸ್ಸಿದೆ, ಅದಕ್ಕೆ ಮುಂಚೆ ಅಕ್ಷರ ಹೇರಿದರೆ ಲಾಭವಿಲ್ಲ, ಹಾನಿಯೇ ಹೆಚ್ಚು ಎಂಬುದು ಹಳೆಯ ವಾದ. ಅಮೆರಿಕದ ವಿನೆಟ್ಕಾದಲ್ಲಿ ಮಾರ್ಫೆಟ್ ಮತ್ತು ವಾಶ್‌ಬರ್ನ್ 1931ರಲ್ಲಿ ಪ್ರಕಟಿಸಿದ ಅಧ್ಯಯನ, ಆರೂವರೆ ವರ್ಷದ ಮಾನಸಿಕ ವಯಸ್ಸು ತಲುಪಿದ ಮಕ್ಕಳು ಓದಿನಲ್ಲಿ ಚೆನ್ನಾಗಿ ಮುಂದುವರಿಯುತ್ತಾರೆ ಎಂದಿತು. ದಶಕಗಳ ಕಾಲ ಶಾಲೆಗಳು ಇದನ್ನು ನಿಯಮವೆಂಬಂತೆ ಪಾಲಿಸಿದವು. ಕಲಿಸುವ ರೀತಿ ಬದಲಾದರೆ ಸಿದ್ಧತೆಯ ವಯಸ್ಸೂ ಬದಲಾಗುತ್ತದೆ ಎಂದು ನಂತರದವರು ತೋರಿಸಿದ ಮೇಲೆ ಆ ಅಂಕಿಯ ಅಧಿಕಾರ ಕುಸಿಯಿತು.

ಆದರೂ ಈ ವಾದದ ತಿರುಳು ಸತ್ತಿಲ್ಲ. ಪೆನ್ಸಿಲ್ ಹಿಡಿಯುವ ಬೆರಳಿನ ಬಲ, ಒಂದೆಡೆ ಕೂತು ಗಮನ ಕೊಡುವ ತಾಳ್ಮೆ, ಮಾತಿನ ಹಿಡಿತ ಇವೆಲ್ಲ ಬೆಳೆಯಲು ಸಮಯ ಬೇಕು. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯಕ್ರಮ ಆಟ, ಹಾಡು, ಚಟುವಟಿಕೆಗಳ ಮೇಲೆ ನಿಂತಿರುವುದು ಇದೇ ನಂಬಿಕೆಯಿಂದ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ರಾಜ್ಯದ ನಿಯಮದ ಹಿಂದೆಯೂ ಇದೇ ಯೋಚನೆ ಇದೆ. ತಂದೆ-ತಾಯಂದಿರ ಒತ್ತಾಯಕ್ಕೆ ಸರಕಾರ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿತು. ಶಾಸ್ತ್ರ ಒಂದು ಕಡೆ, ಮನೆಯ ಆತುರ ಇನ್ನೊಂದು ಕಡೆ ಎಳೆದಾಗ ನೀತಿ ಹೇಗೆ ಬಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಆ ಆತುರವನ್ನು ಬೈದು ಸುಮ್ಮನಾಗುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಅಗತ್ಯ. ಎಲ್‌ಕೆಜಿ, ಯುಕೆಜಿ ಇರುವ ಖಾಸಗಿ ಶಾಲೆಯ ಮಗು ನಾಲ್ಕಕ್ಕೇ ಬರೆಯುವುದನ್ನು ಓಣಿಯ ಎಲ್ಲರೂ ನೋಡುತ್ತಾರೆ. ಅಂಗನವಾಡಿಗೆ ಹೋಗುವ ತಮ್ಮ ಮಗು ಹಾಡಿಕೊಂಡು ಬರುತ್ತದೆ, ಪಾಟಿ ಮುಟ್ಟುವುದಿಲ್ಲ. ‘ಸಾಲ್ಯಾಗ ಏನೂ ಕಲಿಸೂದಿಲ್ಲ’ ಎಂಬ ದೂರು ಇಲ್ಲಿಂದ ಹುಟ್ಟುತ್ತದೆ. ಹಾಡಿನಿಂದ ಮಗು ಏನು ಕಲಿಯುತ್ತದೆಂದು ಈ ವಾದದವರು ತಂದೆ-ತಾಯಿಗೆ ತಿಳಿಯುವಂತೆ ಹೇಳಿದ್ದು ಕಡಿಮೆ.

ಎರಡನೇ ವಾದ: ಅಕ್ಷರವೇ ಬುನಾದಿ

ಬರಹ ಎಂಬುದು ಮಾತಿಗೆ ಮನುಷ್ಯ ಕಟ್ಟಿದ ಸಂಕೇತ, ಅದನ್ನು ಬಿಡಿಸುವುದನ್ನು ಕ್ರಮವಾಗಿ ಕಲಿಸಲೇಬೇಕು ಎನ್ನುವುದು ಎರಡನೇ ವಾದ. ಜೀನ್ ಚಾಲ್ 1967ರಲ್ಲಿ ಅಮೆರಿಕದ ಓದಿನ ವಿಧಾನಗಳನ್ನೆಲ್ಲ ತೂಗಿ ನೋಡಿ, ಆರಂಭದಲ್ಲಿ ಅಕ್ಷರ-ಧ್ವನಿ ಸಂಬಂಧ ಕಲಿಸಿದ ಮಕ್ಕಳೇ ಮುಂದಿರುತ್ತಾರೆ ಎಂದರು. 2000ದಲ್ಲಿ ಅಲ್ಲಿಯ ರಾಷ್ಟ್ರೀಯ ಓದು ಸಮಿತಿ ಅದನ್ನು ಬೆಂಬಲಿಸಿತು. 2008ರಲ್ಲಿ ಶಿಶು ಸಾಕ್ಷರತೆಯ ಇನ್ನೊಂದು ಸಮಿತಿ, ಮಗುವಿನ ಮುಂದಿನ ಓದನ್ನು ಮೊದಲೇ ಸೂಚಿಸುವ ಕೌಶಲಗಳಲ್ಲಿ ಅಕ್ಷರಜ್ಞಾನ ಮತ್ತು ಧ್ವನಿಯ ಅರಿವು ಮುಖ್ಯವೆಂದು ಹೇಳಿತು.

ಕನ್ನಡಕ್ಕೆ ಬಂದಾಗ ಈ ವಾದದ ಆಕಾರವೇ ಬದಲಾಗುತ್ತದೆ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆ ಓದಬಹುದು, ಇಂಗ್ಲಿಷಿನ ಕಾಗುಣಿತದ ಗೊಂದಲ ಇಲ್ಲಿಲ್ಲ. ಆದರೆ ಗುರುತಿಸಬೇಕಾದ ಚಿಹ್ನೆಗಳ ರಾಶಿ ದೊಡ್ಡದು. 49 ಮೂಲಾಕ್ಷರ, 34 ವ್ಯಂಜನಗಳ ಬಳ್ಳಿ ಬಿಡಿಸಿದರೆ ನಾನೂರು ಮೀರುವ ಗುಣಿತಾಕ್ಷರ, ಅದರ ಮೇಲೆ ಜೋಡಾಕ್ಷರ. ಕನ್ನಡ ಓದಲು ಕಲಿಯುವ ಮಕ್ಕಳು ಪ್ರಾಸ ಹಿಡಿಯುವುದರಲ್ಲಿ, ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದರಲ್ಲಿ ಚುರುಕಾಗಿರುತ್ತಾರೆ, ಒಂದೊಂದೇ ಧ್ವನಿಯನ್ನು ಬೇರ್ಪಡಿಸುವುದರಲ್ಲಿ ಹಿಂದಿರುತ್ತಾರೆ ಎಂದು ಪ್ರತಿಭಾ ಕಾರಂತ ಮತ್ತು ಸಂಗಡಿಗರು 1990ರ ದಶಕದಲ್ಲೇ ತೋರಿಸಿದರು. ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರ ಸಂಪತ್ತು ಮಗುವಿಗೆ ದಕ್ಕಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂದು ಹೇಳಿತು. ಒಂದೇ ವರ್ಷದಲ್ಲಿ ಅಕ್ಷರ ಮುಗಿಸಿಬಿಡಬೇಕೆಂದು ಮಗುವನ್ನು ದಂಡಿಸುವ ಮನೆಯೂ ಶಾಲೆಯೂ ತಿಳಿಯಬೇಕಾದ ಮಾತಿದು. ನಿಧಾನವಾಗುವುದು ಲಿಪಿಯ ಸ್ವಭಾವ, ಮಗುವಿನ ದಡ್ಡತನವೆಂದು ಭಾವಿಸಿ ಹೊಡೆಯುವುದು ಅನ್ಯಾಯ.

ಈ ಸೀಮೆಯ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ‘ಕಬ್ಬು’ ಎಂಬ ಪದವನ್ನೇ ತೆಗೆದುಕೊಳ್ಳಿ. ಚಪ್ಪಾಳೆ ತಟ್ಟಿ ಒಡೆದು ಹೇಳು ಎಂದರೆ ಮಗು ‘ಕಬ್-ಬು’ ಎನ್ನುತ್ತದೆ. ಬರೆಯುವಾಗ ಅದೇ ಪದ ‘ಕ-ಬ್ಬು’ ಎಂದು ಒಡೆಯುತ್ತದೆ. ಕಿವಿ ಕೇಳುವ ತುಂಡಿಗೂ ಕಣ್ಣು ಕಾಣುವ ತುಂಡಿಗೂ ಇಲ್ಲಿ ಹೊಂದಿಕೆ ತಪ್ಪುತ್ತದೆ. ಜೋಡಾಕ್ಷರದ ಬಳಿ ಮಕ್ಕಳು ಎಡವಲು ಇದೂ ಒಂದು ಕಾರಣ. ದಿನಕ್ಕೆ ಹತ್ತು ಸಲ ಬರೆಸಿದರೆ ಈ ಅಂತರ ಮುಚ್ಚುವುದಿಲ್ಲ. ಹೇಳಿಸಿ, ಒಡೆಸಿ, ಬರೆದು ತೋರಿಸಬೇಕು.

ಕಲಿಸುವ ಕ್ರಮದಲ್ಲೂ ಮನೆಗೂ ಶಾಲೆಗೂ ಬಿರುಕಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿ ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ಶುರುವಾಗುತ್ತದೆ. ಐದೇ ಅಕ್ಷರಗಳಲ್ಲಿ ಅರಸ, ಸರ, ಗರಗಸದಂಥ ಪದಗಳನ್ನು ಮಗು ಓದಿಬಿಡಬಹುದು ಎಂಬುದು ಅದರ ತರ್ಕ. ಮನೆಯಲ್ಲಿ ಅಕ್ಕನೋ ಮುತ್ಯಾನೋ ಹೇಳಿಕೊಡುವುದು ‘ಅ, ಆ, ಇ, ಈ’. ಎರಡರಲ್ಲೂ ಅರ್ಥವಿದೆ. ಒಂದು ಬೇಗ ಪದಕ್ಕೆ ಒಯ್ಯುತ್ತದೆ, ಇನ್ನೊಂದು ಭಾಷೆಯ ಧ್ವನಿಗಳನ್ನು ಒಪ್ಪವಾಗಿ ಜೋಡಿಸಿದ ಪರಂಪರೆ. ಶಾಲೆ ತನ್ನ ಕ್ರಮದ ಕಾರಣವನ್ನು ಮನೆಗೆ ಹೇಳದಿದ್ದಾಗ ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ.

ಮೂರನೇ ವಾದ: ಪುಸ್ತಕದ ಒಡನಾಟ

ನ್ಯೂಜಿಲೆಂಡ್‌ನ ಮೇರಿ ಕ್ಲೇ 1966ರ ತಮ್ಮ ಸಂಶೋಧನೆಯಲ್ಲಿ, ಶಾಲೆಗೆ ಆಗಷ್ಟೇ ಕಾಲಿಟ್ಟ ಮಕ್ಕಳನ್ನು ಹತ್ತಿರದಿಂದ ನೋಡಿದರು. ಅಕ್ಷರ ಬರುವ ಮುಂಚೆಯೇ ಮಗು ಓದುಗನಂತೆ ನಡೆದುಕೊಳ್ಳುತ್ತದೆ. ಪುಸ್ತಕ ನೆಟ್ಟಗೆ ಹಿಡಿಯುತ್ತದೆ, ಪುಟ ತಿರುವುತ್ತದೆ, ಚಿತ್ರ ನೋಡಿ ಕಥೆ ಹೇಳುತ್ತದೆ, ಗೀಚಿ ‘ಬರೆದೆ’ ಎನ್ನುತ್ತದೆ. ಓದು ಒಂದು ದಿನ ಆರಂಭವಾಗುವ ಪಾಠವಲ್ಲ, ಹುಟ್ಟಿದಾಗಿನಿಂದ ಚಿಗುರುತ್ತ ಬರುವ ನಡವಳಿಕೆ ಎಂಬ ದೃಷ್ಟಿ ಇಲ್ಲಿಂದ ಬೆಳೆಯಿತು. ಅದೇ ಹೊತ್ತಿಗೆ ಅಮೆರಿಕದ ಕೆನೆತ್ ಗುಡ್‌ಮನ್, ಓದುಗರು ಅರ್ಥವನ್ನು ಊಹಿಸುತ್ತ ಮುಂದುವರಿಯುತ್ತಾರೆ ಎಂದು ವಾದಿಸಿ ಅಕ್ಷರ ಪಾಠವನ್ನು ಹಿಂದಕ್ಕೆ ಸರಿಸಿದರು. ಪದ ಗುರುತಿಸಲು ಊಹೆ ಸಾಲದು ಎಂದು ನಂತರದ ಸಂಶೋಧನೆ ತೋರಿಸಿತು. ಕ್ಲೇ ಕಂಡ ಚಿಗುರಿನ ಮಾತು ಮಾತ್ರ ನಿಂತಿತು.

ತಂದೆ-ತಾಯಿಗೆ ಇದರಿಂದ ಸಿಕ್ಕ ದೊಡ್ಡ ಸಲಹೆ, ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಥೆಪುಸ್ತಕ ಓದಿ ಎನ್ನುವುದು. ಹೇಗೆ ಓದಬೇಕು ಎಂಬುದನ್ನು 1988ರಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದರು. ತಾನೇ ಓದಿ ಮುಗಿಸುವುದಕ್ಕಿಂತ, ‘ಇಲ್ಲಿ ಏನಾಗಿದೆ? ಮುಂದೇನಾದೀತು?’ ಎಂದು ಕೇಳುತ್ತ ಮಗುವೇ ಕಥೆ ಹೇಳುವಂತೆ ಮಾಡಿದ ಮನೆಗಳಲ್ಲಿ ಮಕ್ಕಳ ಮಾತು ತಿಂಗಳೊಪ್ಪತ್ತಿನಲ್ಲಿ ಮುಂದೆ ಹೋಯಿತು.

ಕೆನಡಾದ ಸೆನೆಶಾಲ್ ಮತ್ತು ಲೆಫೆವ್ರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಎರಡನೇ ಮತ್ತು ಮೂರನೇ ವಾದಗಳ ಜಗಳಕ್ಕೆ ದಾರಿ ತೋರಿಸಿತು. ಕಥೆ ಓದಿ ಹೇಳುವುದರಿಂದ ಮಗುವಿನ ಪದಸಂಪತ್ತು, ಕೇಳಿ ಗ್ರಹಿಸುವ ಶಕ್ತಿ ಬೆಳೆಯುತ್ತದೆ, ಅಕ್ಷರಜ್ಞಾನ ತಾನಾಗಿ ಬರುವುದಿಲ್ಲ. ಅಕ್ಷರ ತೋರಿಸಿ ಕಲಿಸಿದರೆ ಅಕ್ಷರಜ್ಞಾನ ಬೆಳೆಯುತ್ತದೆ, ಪದಸಂಪತ್ತು ತಾನಾಗಿ ಬರುವುದಿಲ್ಲ. ಎರಡು ಬೇರೆ ಬೇರೆ ಹೊಳೆಗಳು. ಮೂರನೇ ತರಗತಿಯ ಓದಿಗೆ ಎರಡರ ನೀರೂ ಬೇಕು.

ಆದರೆ ಈ ವಾದ ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡುಬಿಟ್ಟಿದೆ: ಮನೆಯಲ್ಲಿ ಪುಸ್ತಕವಿದೆ, ಓದಬಲ್ಲ ದೊಡ್ಡವರಿದ್ದಾರೆ, ಅವರಿಗೆ ಪುರುಸೊತ್ತಿದೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 65ರ ಆಸುಪಾಸಿನಲ್ಲಿತ್ತು. ನಿಪ್ಪಾಣಿ ಸೀಮೆಯಲ್ಲಿ ಬೀಡಿ ಸುತ್ತುವ ಕೆಲಸ ಮನೆಯೊಳಗೇ ನಡೆಯುತ್ತದೆ, ಕಬ್ಬಿನ ಹಂಗಾಮಿನಲ್ಲಿ ಹೊಲದ ಕೆಲಸಕ್ಕೆ ಹೊತ್ತುಗೊತ್ತು ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಪುಸ್ತಕ ಓದಿ ಎಂಬ ಸಲಹೆ ಈ ತಾಯಂದಿರಿಗೆ ತಲುಪುವಾಗ ಸಹಾಯವಾಗಿ ತಲುಪುವುದಿಲ್ಲ, ಹೊಸ ಅಪರಾಧಭಾವವಾಗಿ ತಲುಪುತ್ತದೆ.

ನಾಲ್ಕನೇ ವಾದ: ಮನೆಗೆ ತನ್ನದೇ ನುಡಿಸಂಪತ್ತಿದೆ

1995ರಲ್ಲಿ ಹಾರ್ಟ್ ಮತ್ತು ರಿಸ್ಲಿ, ಅಮೆರಿಕದ ಕ್ಯಾನ್ಸಸ್‌ನ 42 ಕುಟುಂಬಗಳ ಮಾತುಕತೆಯನ್ನು ದಾಖಲಿಸಿ, ಬಡ ಮನೆಯ ಮಗು ನಾಲ್ಕು ವರ್ಷ ತುಂಬುವ ಹೊತ್ತಿಗೆ ಸ್ಥಿತಿವಂತರ ಮಗುವಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತದೆ ಎಂದು ಅಂದಾಜು ಕಟ್ಟಿದರು. ಈ ಅಂಕಿ ಜಗತ್ತನ್ನೇ ಸುತ್ತಿತು. 2018ರಲ್ಲಿ ಸ್ಪೆರಿ ಮತ್ತು ಸಂಗಡಿಗರು ಅದನ್ನು ಪ್ರಶ್ನಿಸಿದರು. ತಾಯಿ ನೇರವಾಗಿ ಮಗುವಿಗೆ ಆಡಿದ ಮಾತನ್ನಷ್ಟೇ ಎಣಿಸಿದರೆ ಹೇಗೆ? ಸುತ್ತ ಕೂತ ಅಜ್ಜಿ, ಅಕ್ಕ, ನೆರೆಯವರ ಮಾತನ್ನೂ ಎಣಿಸಿದರೆ ಅಂತರ ಬಹಳ ಬದಲಾಗುತ್ತದೆ ಎಂದರು. ಕಟ್ಟೆಯ ಮೇಲೆ ಹತ್ತು ಜನ ಕೂಡುವ ನಮ್ಮ ಊರುಗಳಿಗೆ ಈ ಆಕ್ಷೇಪ ಹೆಚ್ಚು ಹೊಂದುತ್ತದೆ.

ಶರ್ಲಿ ಬ್ರೈಸ್ ಹೀತ್ 1983ರ ತಮ್ಮ ಕೃತಿಯಲ್ಲಿ ಇನ್ನೂ ಆಳಕ್ಕೆ ಇಳಿದಿದ್ದರು. ಅಮೆರಿಕದ ಎರಡು ಶ್ರಮಿಕ ಊರುಗಳನ್ನು ವರ್ಷಗಟ್ಟಲೆ ಗಮನಿಸಿ, ಎರಡರಲ್ಲೂ ಮಕ್ಕಳು ಮಾತಿನಲ್ಲಿ ಶ್ರೀಮಂತರೇ ಎಂದು ಕಂಡರು. ಒಂದು ಊರಿನ ಮಕ್ಕಳು ಕಲ್ಪನೆ ಬೆರೆಸಿ ಕಥೆ ಕಟ್ಟುವುದರಲ್ಲಿ ಗಟ್ಟಿಗರು. ಶಾಲೆಗೆ ಬೇಕಾದದ್ದು ಬೇರೊಂದು ಬಗೆಯ ಮಾತು, ಹೀಗಾಗಿ ಅವರ ಶಕ್ತಿ ಶಾಲೆಯ ಕಣ್ಣಿಗೆ ಬೀಳಲೇ ಇಲ್ಲ. ಲೂಯಿಸ್ ಮೋಲ್ 1992ರಲ್ಲಿ ಇದೇ ದಾರಿ ಹಿಡಿದು, ಕುಟುಂಬಗಳ ಕಸುಬಿನ, ಬದುಕಿನ ತಿಳಿವಳಿಕೆಯೇ ಪಾಠಕ್ಕೆ ಬಂಡವಾಳವಾಗಬೇಕು ಎಂದರು.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಷ್ಟು ಈ ವಾದಕ್ಕೆ ಸಾಕ್ಷಿ ಒದಗಿಸುವ ಸೀಮೆ ಅಪರೂಪ. ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣ ಇಲ್ಲಿಯವರು, ಅದನ್ನು ಹಾಡಿ ಮೆರೆಸಿದ ಕೌಜಲಗಿ ನಿಂಗಮ್ಮ ಇಲ್ಲಿಯವರು. ಜನಪದ ಹಾಡುಗಳನ್ನು ಪ್ರೀತಿಯಿಂದ ಕಲೆಹಾಕಿದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದರು. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಊರಿನ ಹಾಡು, ಆಟ, ಕಥೆಗಳಿಂದಲೇ ತಮ್ಮ ಸಾಹಿತ್ಯವನ್ನು ಬೆಳೆಸಿದರು. ಜೋಗುಳ, ಬೀಸುವ ಪದ, ಒಗಟು ಇವೆಲ್ಲ ಕಾಲಹರಣದ ಸಾಮಗ್ರಿಯಲ್ಲ. ಪ್ರಾಸ ಹಿಡಿಯುವುದು, ಪದವನ್ನು ತುಂಡಾಗಿ ಕೇಳುವುದು, ಮುಚ್ಚಿಟ್ಟ ಅರ್ಥ ಹುಡುಕುವುದು, ಹಿಂದುಮುಂದಿನ ಘಟನೆ ಜೋಡಿಸುವುದು ಅವುಗಳಲ್ಲಿ ನಡೆದೇ ಇರುತ್ತದೆ. ಕನ್ನಡ ಓದಿನ ಸಂಶೋಧಕರು ಮಗುವಿನಲ್ಲಿ ಹುಡುಕುವುದು ಇವೇ ಕೌಶಲಗಳನ್ನು.

ಈ ವಾದಕ್ಕೂ ಒಂದು ಮಿತಿಯಿದೆ. ಹಾಡು ಬಲ್ಲ ಮನೆಗಳ ಮಕ್ಕಳೆಲ್ಲ ಓದು ಬಲ್ಲವರಾಗಲಿಲ್ಲ. ಬಾಯಿಮಾತಿನ ಸಂಪತ್ತು ಬರಹಕ್ಕೆ ತಾನಾಗಿ ದಾಟುವುದಿಲ್ಲ. ಯಾರಾದರೂ ಅದೇ ಹಾಡನ್ನು ಬರೆದು ತೋರಿಸಬೇಕು, ಬೆರಳಿಟ್ಟು ಓದಿಸಬೇಕು. ಮನೆಯನ್ನು ಕೊರತೆಯ ತಾಣವೆಂದು ನೋಡುವುದು ಎಷ್ಟು ತಪ್ಪೋ, ಹಾಡಿ ಹೊಗಳಿ ಅದರ ಪಾಡಿಗೆ ಬಿಟ್ಟುಬಿಡುವುದೂ ಅಷ್ಟೇ ತಪ್ಪು.

ಗಡಿಯ ಮಗು, ಹಲವು ಭಾಷೆ

2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯಲ್ಲಿ ಸುಮಾರು ಮೂರನೆಯ ಎರಡು ಭಾಗ ಜನರ ಮಾತೃಭಾಷೆ ಕನ್ನಡ, ಐದನೆಯ ಒಂದು ಭಾಗಕ್ಕೆ ಸಮೀಪದಷ್ಟು ಜನರದು ಮರಾಠಿ, ನಂತರದ್ದು ಉರ್ದು. ಹುಕ್ಕೇರಿಯ ಮಗುವಿಗೆ ಮನೆಯಲ್ಲಿ ಒಂದು, ಓಣಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಇರಬಹುದು. ಮನೆಮಾತು ಕನ್ನಡವೇ ಆದರೂ ‘ಅವ್ವ ಹೊಲಕ್ಕ ಹೋಗ್ಯಾಳ’ ಎನ್ನುವ ಮಗುವಿಗೆ ಪಠ್ಯಪುಸ್ತಕದ ಕನ್ನಡ ಅರ್ಧ ಪರಕೀಯ.

ಇಲ್ಲಿ ಎರಡು ನಿಲುವುಗಳಿವೆ. ಮೊದಲ ಓದು ಮನೆಮಾತಿನಲ್ಲೇ ಆಗಬೇಕು, ಗೊತ್ತಿರುವ ಮಾತನ್ನು ಬರಹದಲ್ಲಿ ಗುರುತಿಸುವುದೇ ಓದಿನ ಮೊದಲ ಸಂತೋಷ ಎಂಬುದು ಒಂದು. ಶಿಕ್ಷಣ ನೀತಿ ಇದರ ಪರ. ಮಕ್ಕಳು ಹಲವು ಭಾಷೆಗಳನ್ನು ಒಟ್ಟಿಗೇ ಬದುಕುತ್ತಾರೆ, ತರಗತಿ ಅವೆಲ್ಲಕ್ಕೂ ಜಾಗ ಕೊಡಬೇಕು ಎಂಬುದು ಇನ್ನೊಂದು. ಎರಡಕ್ಕೂ ಹೊರಗೆ ತಂದೆ-ತಾಯಂದಿರ ಬೇಡಿಕೆ ಇಂಗ್ಲಿಷ್ ಕಡೆ ಓಡುತ್ತಿದೆ. ವಿ.ಕೃ. ಗೋಕಾಕ ಸಮಿತಿಯ ವರದಿ ಮತ್ತು ಅದರ ಜಾರಿಗಾಗಿ ನಡೆದ ಚಳವಳಿ 1980ರ ದಶಕದಲ್ಲಿ ಶಾಲೆಯಲ್ಲಿ ಕನ್ನಡದ ಸ್ಥಾನವನ್ನು ರಾಜ್ಯದ ದೊಡ್ಡ ಪ್ರಶ್ನೆಯಾಗಿಸಿದ್ದವು. 2014ರ ಮೇ 6ರಂದು ಸುಪ್ರೀಂ ಕೋರ್ಟ್, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದಿತು. 2019-20ರಲ್ಲಿ ಸರಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಕನ್ನಡ, ಮರಾಠಿ ಎರಡನ್ನೂ ಜೊತೆಗಿಟ್ಟು ನೋಡಿದ ಅಧ್ಯಯನವೊಂದು ನಮಗೆ ಸಿಕ್ಕಿದೆ. ಶೈಲಜಾ ಮೆನನ್ ಮತ್ತು ಸಂಗಡಿಗರು ಕರ್ನಾಟಕದ ಯಾದಗಿರಿ ಹಾಗೂ ಮಹಾರಾಷ್ಟ್ರದ ಪಾಲಘರದ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿ 2017ರಲ್ಲಿ ವರದಿ ಕೊಟ್ಟರು. ಎರಡೂ ಕಡೆ ಪಾಠ ಅಕ್ಷರ, ಪದ, ವಾಕ್ಯ ಎಂಬ ಏಣಿ ಹತ್ತುತ್ತ ಅರ್ಥವನ್ನು ಮುಂದೂಡುತ್ತಿತ್ತು. ಮಕ್ಕಳ ಮನೆಮಾತಿಗೆ ತರಗತಿಯಲ್ಲಿ ಜಾಗ ಕಡಿಮೆ ಇತ್ತು. ಮೂರು ವರ್ಷ ಕಳೆದರೂ ಬಹಳ ಮಕ್ಕಳು ಮೊದಲ ಮೆಟ್ಟಿಲಲ್ಲೇ ನಿಂತಿದ್ದರು. ಭಾಷೆ ಬೇರೆಯಾದರೂ ರೋಗ ಒಂದೇ ಎಂದು ತಿಳಿಸಿದ ಈ ವರದಿ, ಗಡಿಯ ಜಗಳದಾಚೆ ನೋಡಲು ನಮಗೆ ಕಾರಣ ಕೊಡುತ್ತದೆ.

ತಾಯಿಗೆ ಕಲಿಸಿದರೆ ಮಗು ಕಲಿತೀತೇ?

ಪಾಲಕರಿಗೆ ತರಬೇತಿ ಕೊಡುವ ಯತ್ನಗಳೂ ಹಳೆಯವೇ. ಇಸ್ರೇಲಿನಲ್ಲಿ 1969ರಲ್ಲಿ ಶುರುವಾದ ಒಂದು ಕಾರ್ಯಕ್ರಮ ಕಡಿಮೆ ಓದಿದ ತಾಯಂದಿರ ಮನೆಗೇ ಹೋಗಿ ಚಟುವಟಿಕೆ ಕಲಿಸಿತು. 1982ರಲ್ಲಿ ಇಸ್ತಾಂಬುಲ್‌ನ ಬಡ ಬಡಾವಣೆಗಳಲ್ಲಿ ಚಿದೆಮ್ ಕಾಯಿತ್ಚಿಬಾಶಿ ಅದನ್ನು ಅಳವಡಿಸಿದರು. ಆ ಮಕ್ಕಳನ್ನು ವರ್ಷಗಳ ನಂತರ ಹುಡುಕಿ ನೋಡಿದಾಗ, ತಾಯಿ ತರಬೇತಿ ಪಡೆದ ಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು.

ಭಾರತದ ಅನುಭವ ಇಷ್ಟು ಹೊಳಪಾಗಿಲ್ಲ. ಬಿಹಾರ, ರಾಜಸ್ಥಾನಗಳಲ್ಲಿ ‘ಪ್ರಥಮ್’ ಸಂಸ್ಥೆ ತಾಯಂದಿರಿಗೆ ಅಕ್ಷರ ತರಗತಿ, ಮನೆಯಲ್ಲಿ ಮಗುವಿನೊಡನೆ ಮಾಡುವ ಚಟುವಟಿಕೆ ಎರಡನ್ನೂ ನಡೆಸಿತು. 2017ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ತಾಯಂದಿರ ಕಲಿಕೆ, ಮಗುವಿನ ಓದಿನಲ್ಲಿ ಅವರ ತೊಡಗುವಿಕೆ ಹೆಚ್ಚಿದ್ದು ಕಂಡಿತು, ಮಕ್ಕಳ ಕಲಿಕೆಯ ಮೇಲಿನ ಪರಿಣಾಮ ಮಾತ್ರ ಸಣ್ಣದಾಗಿತ್ತು. ವಾರಕ್ಕೆ ಕೆಲವು ಗಂಟೆಗಳ ಬೆಂಬಲದಿಂದ ದೊಡ್ಡ ಪವಾಡ ಬಯಸಬಾರದು ಎಂಬುದು ಒಂದು ಪಾಠ. ಇನ್ನೊಂದು ಪಾಠ, ಮನೆ ಎಂದರೆ ತಾಯಿ ಎಂದೇ ಎಣಿಸುವ ಅಭ್ಯಾಸವನ್ನು ಬಿಡಬೇಕು. ಅಪ್ಪ, ಕಾಕಾ, ಮುತ್ಯಾ, ನಾಲ್ಕನೇ ತರಗತಿಯ ಅಕ್ಕ ಇವರೆಲ್ಲ ಮನೆಯೇ.

ವಾದಗಳು ಕೂಡುವ ಜಾಗ

1986ರಲ್ಲಿ ಗಫ್ ಮತ್ತು ಟನ್ಮರ್ ಒಂದು ಸರಳ ಸೂತ್ರ ಕೊಟ್ಟರು: ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮಾತು, ಪದ ಗುರುತಿಸುವಿಕೆ, ಓದು, ಬರಹ ನಾಲ್ಕನ್ನೂ ಜೊತೆಗೇ ನಡೆಸಿ ಎನ್ನುವುದು ಇದೇ ತಿಳಿವಿನಿಂದ.

ಇದನ್ನು ಮನೆಗೆ ತಂದರೆ ಪಾಲು ಹಂಚಿಕೆ ಸ್ಪಷ್ಟವಾಗುತ್ತದೆ. ಮಾತು, ಕಥೆ, ಹಾಡು, ಒಗಟು ಮನೆಯ ಬಲ. ಅದಕ್ಕೆ ಸಾಕ್ಷರತೆ ಬೇಕಿಲ್ಲ, ಬೇರೆ ಹೊತ್ತೂ ಬೇಕಿಲ್ಲ. ರೊಟ್ಟಿ ಬಡಿಯುವಾಗ, ಬೀಡಿ ಸುತ್ತುವಾಗ, ಸಂತೆಗೆ ನಡೆಯುವಾಗ ‘ಮುಂದೇನಾತು? ಯಾಕ ಹಂಗ ಮಾಡಿದ?’ ಎಂದು ಕೇಳಿ, ಮಗು ಹೇಳುವುದನ್ನು ಮುಗಿಯುವವರೆಗೆ ಕೇಳಿಸಿಕೊಳ್ಳುವುದು ಸಾಕು. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಮಗುವಿನ ಸ್ವಂತ ಹೆಸರು ಇವು ಮೊದಲ ಓದಿನ ಸಾಮಗ್ರಿ. ಕ್ರಮಬದ್ಧ ಅಕ್ಷರ ಪಾಠ ಶಾಲೆಯ ಹೊಣೆ. ಎರಡನ್ನೂ ಹೊಲಿಯುವ ಕೆಲಸ ಅಂಗನವಾಡಿಯದು ಮತ್ತು ಗ್ರಂಥಾಲಯದ್ದು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಅಕ್ಕ ತಂದ ಪುಸ್ತಕವನ್ನು ತಮ್ಮ ನೋಡಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅಜ್ಜಿ ಹೇಳಿದ ಕಥೆಯನ್ನು ಅಂಗನವಾಡಿ ಕಾರ್ಯಕರ್ತೆ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದರೆ, ಆ ಊರಿನ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮೊದಲ ಪುಸ್ತಕ ಬೇರಿಲ್ಲ.

ಇತ್ಯರ್ಥವಾಗದೆ ಉಳಿದವು

ಇಷ್ಟು ನಕ್ಷೆ ಬರೆದ ಮೇಲೂ ಖಾಲಿ ಜಾಗಗಳು ಬಹಳ ಉಳಿಯುತ್ತವೆ. ಕನ್ನಡ ಲಿಪಿಯನ್ನು ನಾಲ್ಕಕ್ಕೆ, ಐದಕ್ಕೆ, ಆರಕ್ಕೆ ಆರಂಭಿಸಿದರೆ ಹತ್ತನೇ ವಯಸ್ಸಿನಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬ ವಾದ ಇಂಗ್ಲಿಷಿನ ಅನುಭವವನ್ನೇ ಆಧರಿಸಿ ನಡೆಯುತ್ತಿದೆ. ನಾನೂರು ಗುಣಿತಾಕ್ಷರಗಳ ಲಿಪಿಗೆ ಅದು ಎಷ್ಟು ಹೊಂದುತ್ತದೆ? ವರ್ಣಮಾಲೆಯ ಕ್ರಮ ಮೇಲೋ ನಲಿ-ಕಲಿಯ ಕ್ರಮ ಮೇಲೋ? ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ನಡೆದರೆ ಮಗುವಿಗೆ ನಷ್ಟವೋ ಲಾಭವೋ? ಮರಾಠಿ ಮನೆಯ ಮಗು ಕನ್ನಡ ಶಾಲೆಯಲ್ಲಿ ಎರಡು ಲಿಪಿಗಳನ್ನು ಒಟ್ಟಿಗೆ ಹಿಡಿಯಬೇಕೋ, ಒಂದರ ನಂತರ ಒಂದೋ? ಬಾಯಿಮಾತಿನ ಶ್ರೀಮಂತಿಕೆ ಬರಹಕ್ಕೆ ದಾಟಲು ಎಷ್ಟು, ಯಾವ ಬಗೆಯ ಸೇತುವೆ ಬೇಕು?

ಮೊಬೈಲ್ ಇನ್ನೊಂದು ಬಗೆಹರಿಯದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು ಎಂದಿತು. ಅದೇ ಮೊಬೈಲ್ ಪುಸ್ತಕವಿಲ್ಲದ ಮನೆಗೆ ಪುಸ್ತಕ ತಲುಪಿಸುವ ಏಕೈಕ ದಾರಿಯೂ ಆಗಿರಬಹುದು.

ಕಬ್ಬು ಕಡಿಯುವ ತಂಡಗಳೊಂದಿಗೆ ಹಂಗಾಮಿಗೆ ಬಂದು ಹೋಗುವ ಮಕ್ಕಳ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ಮನೆಯೇ ಜೋಪಡಿಯಾಗಿ ಊರಿಂದೂರಿಗೆ ಸರಿಯುವಾಗ ‘ಮನೆಯಲ್ಲಿ ಓದು’ ಎಂಬ ಮಾತಿಗೆ ಅರ್ಥ ಕೊಡುವವರು ಯಾರು? ಅಂಗನವಾಡಿಯೋ, ಸಕ್ಕರೆ ಕಾರ್ಖಾನೆಯೋ, ಪಂಚಾಯಿತಿಯೋ? ಅದಕ್ಕೆ ಬೆಸೆದ ಮೂಲ ಪ್ರಶ್ನೆ ಹೊಣೆಯದು. ಪಾಲಕರನ್ನು ಜೊತೆಗಾರರನ್ನಾಗಿ ಕರೆಯುವುದಕ್ಕೂ ಶಾಲೆಯ ಸೋಲನ್ನು ಅವರ ತಲೆಗೆ ಕಟ್ಟುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಯಾವ ನೀತಿಯೂ ಇನ್ನೂ ಬರೆದು ಹೇಳಿಲ್ಲ. ಆ ಗೆರೆಯನ್ನು ಎಳೆಯುವಾಗ ಸಂಶೋಧಕರು, ಅಧಿಕಾರಿಗಳ ಜೊತೆ ಕಣಗಲಾದಂಥ ಊರುಗಳ ತಾಯಂದಿರೂ ಕೂತಿರಬೇಕು.